ಸೋಡಾ ಹಾಕಿದ ಎರೆಹಿಟ್ಟನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ

ಮೀನಿನ ಗಾಳಕ್ಕೆ ಎರೆ ಮಾಡಲು ಹೀಗೊಂದು ಅಳತೆ ಹೇಳುವವರಿದ್ದಾರೆ: ಎರಡು ಲೋಟ ಮೈದಾ, ಒಂದು ಲೋಟ ನೀರು, ಒಂದು ಚಮಚ ಅಡುಗೆ ಸೋಡಾ, ವೆನಿಲ್ಲಾ ಎಸೆನ್ಸ್ ಧಾರಾಳವಾಗಿ. ಕಲಸಿ ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಎರಡು ದಿನ ಹುಳಿ ಬರಲು ಬಿಡಿ, ಗೆಂಡೆ ಮೀನು ಓಡೋಡಿ ಬರುತ್ತದೆ. ಗಾಳಕ್ಕೆ ಮನೆಯಲ್ಲೇ ಎರೆ ಮಾಡಲು ಹೊರಟವರಿಗೆ ಯಾರಾದರೂ ಇಂಥ ಅಳತೆ ಕೊಟ್ಟರೆ ಅದರಲ್ಲಿ ನಂಬಬಹುದಾದದ್ದು ಮೈದಾ ಒಂದೇ.

ಹಾಗೆ ಮಾಡಿದ ಹಿಟ್ಟಿನ ಗತಿ ಏನಾಯಿತೆಂದರೆ, ಬೆಚ್ಚಗಿನ ಮೂಲೆಯಲ್ಲಿಟ್ಟ ಬಾಟಲಿ ಎರಡನೇ ದಿನ ಸಿಡಿಯಿತು. ಗಾಜಿನ ಚೂರು ಹಿಟ್ಟಿನ ಸಮೇತ ಗೋಡೆಗೆ ಮೆತ್ತಿಕೊಂಡಿತ್ತು. ಆ ಹೊತ್ತಿಗೆ ಹತ್ತಿರ ಯಾರೂ ಇರಲಿಲ್ಲ, ಅಷ್ಟೇ ಅದೃಷ್ಟ. ಬೇರೆ ಡಬ್ಬದಲ್ಲಿದ್ದ ಅರ್ಧ ಹಿಟ್ಟು ನೀರಿಗಿಳಿದ ಎರಡೇ ನಿಮಿಷಕ್ಕೆ ಗಾಳದಿಂದ ಕಳಚಿ ಹೋಯಿತು. ಕಳಚದೆ ಉಳಿದ ಉಂಡೆಗಳು ಮುಳುಗುವ ಬದಲು ಮೇಲೆದ್ದು ತೇಲಿದವು. ದಿನವಿಡೀ ಬೆಂಡು ಅಲುಗಲಿಲ್ಲ.

ಸಿಡಿದದ್ದಕ್ಕೆ ಕಾರಣ ಸರಳ. ಹಸಿ ಹಿಟ್ಟು ಬೆಚ್ಚಗಿನ ಜಾಗದಲ್ಲಿ ಹುಳಿಯುವಾಗ ಅದರಲ್ಲಿನ ಯೀಸ್ಟ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಆ ಆಮ್ಲ ಸೋಡಾಕ್ಕೆ ತಾಗಿದರೆ ಮತ್ತಷ್ಟು ಅದೇ ಅನಿಲ. ಎರಡೂ ಸೇರಿದ ಒತ್ತಡಕ್ಕೆ ಹೊರಗೆ ದಾರಿಯಿಲ್ಲದಿದ್ದಾಗ ಒಡೆಯುವುದು ಬಾಟಲಿ. ನೆನೆಸಿದ ಮೆಕ್ಕೆಜೋಳವನ್ನು ಹುಳಿಸುವವರೂ ಇದೇ ತಪ್ಪು ಮಾಡುತ್ತಾರೆ. ಹುಳಿಸಲೇಬೇಕೆಂದರೆ ಬಾಯಿ ಅಗಲವಾದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ, ಮೇಲೆ ಮೂರನೇ ಒಂದು ಭಾಗ ಖಾಲಿ ಬಿಡಿ, ಮುಚ್ಚಳವನ್ನು ಸುಮ್ಮನೆ ಇಡಿ, ತಿರುಗಿಸಿ ಬಿಗಿಯಬೇಡಿ. ಈಗಾಗಲೇ ಹಿಟ್ಟು ಉಬ್ಬಿ ಒತ್ತಡ ತುಂಬಿದ ಗಾಜಿನ ಬಾಟಲಿ ಮನೆಯಲ್ಲಿದ್ದರೆ ಮುಖ ಹತ್ತಿರ ತಂದು ತೆರೆಯಲು ಹೋಗಬೇಡಿ. ದಪ್ಪ ಬಟ್ಟೆಯಲ್ಲಿ ಸುತ್ತಿ, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಇನ್ನು ಸೋಡಾ ಏಕೆ ಬೇಕು? ನೀರಿನ ತಳದಲ್ಲಿ ಮೇಯುವ ಮೀನಿನ ಎರೆಗೆ ಅದು ಶುದ್ಧ ನಷ್ಟ. ಗುಳ್ಳೆ ತುಂಬಿದ ಹಿಟ್ಟು ಹಗುರಾಗಿ ತೇಲುತ್ತದೆ, ಗುಳ್ಳೆಯಿದ್ದಲ್ಲಿ ನೀರು ಬೇಗ ನುಗ್ಗಿ ಉಂಡೆ ಒಡೆಯುತ್ತದೆ. ಬೇಕಿಂಗ್ ಪೌಡರ್ ಮೊದಲೇ ಬೆರೆಸಿ ಮಾರುವ ಹಿಟ್ಟಿಗೂ ಇದೇ ಮಾತು. ಪೊಟ್ಟಣದ ಮೇಲಿನ ಪಟ್ಟಿ ಓದಿ ತೆಗೆದುಕೊಳ್ಳಿ.

ಕಳಚಿ ಹೋದದ್ದು ನೀರಿನ ಲೆಕ್ಕ ತಪ್ಪಿದ್ದರಿಂದ. 250 ಮಿಲಿಲೀಟರ್ ಲೋಟದಲ್ಲಿ ಮೈದಾ ಸುಮಾರು 125 ಗ್ರಾಂ ಹಿಡಿಯುತ್ತದೆ. ಎರಡು ಲೋಟವೆಂದರೆ 250 ಗ್ರಾಂ ಹಿಟ್ಟು. ಅದಕ್ಕೆ ಒಂದು ಲೋಟ ನೀರು ಸುರಿದರೆ ಹಿಟ್ಟಿನಷ್ಟೇ ತೂಕದ ನೀರಾಯಿತು. ಅದು ಗಂಜಿಯ ಹದವೇ ಹೊರತು ಎರೆಯ ಹದವಲ್ಲ. 250 ಗ್ರಾಂ ಮೈದಾಕ್ಕೆ 110ರಿಂದ 130 ಮಿಲಿಲೀಟರ್ ನೀರು ಸಾಕು, ಅದನ್ನೂ ಒಮ್ಮೆಲೇ ಹಾಕಬೇಡಿ. ಮುಕ್ಕಾಲು ಭಾಗ ಹಾಕಿ ಕಲಸಿ, ಉಳಿದದ್ದನ್ನು ಚಮಚದ ಲೆಕ್ಕದಲ್ಲಿ ಸೇರಿಸಿ. ಕಲಸಿದರಷ್ಟೇ ಸಾಲದು, ಎಂಟು ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಗೋಧಿಯಲ್ಲಿರುವ ಗ್ಲುಟೆನ್ ನಾದಿದಷ್ಟೂ ಬಲೆಯಂತೆ ಹೆಣೆದುಕೊಳ್ಳುತ್ತದೆ, ಹಿಟ್ಟನ್ನು ಗಾಳದಲ್ಲಿ ಹಿಡಿದಿಡುವುದು ಆ ಬಲೆಯೇ. ಆಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬೆರಳಿಂದ ಒತ್ತಿದರೆ ಗುರುತು ಉಳಿಯಬೇಕು, ಬೆರಳಿಗೆ ಅಂಟಬಾರದು.

ಮೆಕ್ಕೆಜೋಳದ ಹಿಟ್ಟಿನಲ್ಲಿ ಈ ಬಲೆ ಇಲ್ಲ. ತಣ್ಣೀರಲ್ಲಿ ಕಲಸಿದರೆ ಎಷ್ಟು ನಾದಿದರೂ ಪುಡಿಪುಡಿಯೇ. ಕುದಿಯುವ ನೀರು ಹಾಕಿ, ಒಲೆಯ ಮೇಲೆ ಗಟ್ಟಿಯಾಗುವ ತನಕ ತೊಳಸಿ, ತಣಿದ ಮೇಲೆ ಅದರ ಅರ್ಧದಷ್ಟು ಮೈದಾ ಸೇರಿಸಿ ನಾದಿದರೆ ನಿಲ್ಲುತ್ತದೆ.

ಹಿಟ್ಟು ನಿಲ್ಲಲೆಂದು ಹತ್ತಿಯ ಎಳೆ ಸೇರಿಸಿ ನಾದುವ ಉಪಾಯವನ್ನು ಬಿಟ್ಟುಬಿಡಿ. ಎಳೆಯನ್ನು ಮೀನು ಅರಗಿಸಿಕೊಳ್ಳಲಾರದು, ಗಾಳಕ್ಕೆ ಸಿಗದೆ ನುಂಗಿ ಹೋದ ಮೀನಿನ ಹೊಟ್ಟೆಯಲ್ಲಿ ಅದು ಉಳಿಯಬಹುದು. ಗಟ್ಟಿ ಬೇಕೆಂದರೆ ಮೊಟ್ಟೆ ಇದೆ. ಅರ್ಧ ಕಿಲೋ ಒಣ ಹಿಟ್ಟಿಗೆ (ರವೆ, ಸೋಯಾ ಹಿಟ್ಟು ಸಮಸಮ) ಐದಾರು ಮೊಟ್ಟೆ. ಮೊದಲು ಮೊಟ್ಟೆ ಒಡೆದು ಕಲಕಿ, ಹಿಟ್ಟನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೋಗಿ, ಹದ ಬಂದಲ್ಲಿಗೆ ನಿಲ್ಲಿಸಿ. 15 ಮಿಲಿಮೀಟರ್ ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಒಂದೂವರೆಯಿಂದ ಎರಡು ನಿಮಿಷ. ಒಮ್ಮೆಗೆ ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚು ಹಾಕಿದರೆ ಕುದಿ ನಿಂತುಹೋಗುತ್ತದೆ, ಹೊರಗಿನ ಸಿಪ್ಪೆ ಗಟ್ಟಿಯಾಗುವ ಮೊದಲೇ ಉಂಡೆ ಬಿರಿಯುತ್ತದೆ. ಬಟ್ಟೆಯ ಮೇಲೆ ಹರಡಿ ಒಂದು ದಿನ ಆರಿಸಿ. ಇವು ಹೊರಗಿಟ್ಟರೆ ಕೆಲವೇ ದಿನಕ್ಕೆ ಬೂಷ್ಟು ಹಿಡಿಯುತ್ತವೆ, ಉಳಿದದ್ದು ಫ್ರೀಜರ್‌ಗೆ. ಹಸಿ ಮೊಟ್ಟೆ ಮುಟ್ಟಿದ ಕೈ, ಪಾತ್ರೆ, ಮಣೆ ಎಲ್ಲವನ್ನೂ ಬಿಸಿನೀರು, ಸೋಪು ಹಾಕಿ ತೊಳೆಯಿರಿ. ಹಸಿ ಮೊಟ್ಟೆಯಲ್ಲಿ ಇರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ಅಡುಗೆಗೂ ಎರೆಗೂ ಭೇದ ಮಾಡುವುದಿಲ್ಲ. ಆದರೆ ಗಾಳಕ್ಕೆ ಎರೆ ಸಿಕ್ಕಿಸುವ ಹೊತ್ತಿಗೆ ಕೈಯಲ್ಲಿ ಸೋಪಿನ ವಾಸನೆಯೂ ಇರಬಾರದು, ಬೀಡಿ, ಪೆಟ್ರೋಲು, ಸೊಳ್ಳೆ ಮುಲಾಮಿನದಂತೂ ಬೇಡವೇ ಬೇಡ.

ವಾಸನೆಯ ವಿಷಯದಲ್ಲಿ ಧಾರಾಳತನವೇ ದೊಡ್ಡ ಶತ್ರು. ಅರ್ಧ ಕಿಲೋ ಹಿಟ್ಟಿಗೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಎಸೆನ್ಸ್ ಸಾಕು. ಅದಕ್ಕೂ ಹೆಚ್ಚಾದರೆ ನಮ್ಮ ಮೂಗಿಗೆ ಘಮ, ಬಾಯಿಗೆ ಕಹಿ. ಮೀನು ಬಾಯಲ್ಲಿಟ್ಟು ಉಗುಳಿಬಿಡುತ್ತದೆ. ಎಣ್ಣೆ ಬೆರೆಸುವವರು ಇನ್ನೊಂದು ಗಮನಿಸಿ: ತಣ್ಣನೆಯ ನೀರಿನಲ್ಲಿ ಎಣ್ಣೆ ಮಂದವಾಗಿ ಹಿಟ್ಟಿನೊಳಗೇ ಕೂರುತ್ತದೆ, ವಾಸನೆ ಹರಡುವುದಿಲ್ಲ.

ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡುವ ಅಭ್ಯಾಸ ನಿಜಕ್ಕೂ ಅಪಾಯದ್ದು. ಗಾಳಿಯಿಲ್ಲದ ಆ ಎಣ್ಣೆಯಡಿ ಬಾಟುಲಿಸಂ ವಿಷ ಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಅದು ತಿಳಿಯುವುದಿಲ್ಲ, ಎರೆ ಮುಟ್ಟಿದ ಕೈಯಲ್ಲೇ ಊಟ ಮಾಡುವವರೂ ಇದ್ದಾರೆ. ಅಂದಂದಿನ ಬೆಳ್ಳುಳ್ಳಿ ಅಂದೇ ಜಜ್ಜಿ.

ಕಾಳು ಬಳಸುವವರಿಗೆ ಒಂದೇ ಮಾತು: ಒಣ ಕಾಳನ್ನು ನೀರಿಗೆ ಚೆಲ್ಲಬೇಡಿ, ಅದು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ. ಮೆಕ್ಕೆಜೋಳವನ್ನು 24 ಗಂಟೆ ನೆನೆಸಿ, ಕನಿಷ್ಠ ಅರ್ಧ ಗಂಟೆ ಬೇಯಿಸಿ, ಮೆತ್ತಗಾಗಿದೆಯೇ ಎಂದು ಉಗುರಿಂದ ಒತ್ತಿ ನೋಡಿ. ಬೂಷ್ಟು ಹಿಡಿದ ಕಡಲೆಕಾಯಿ ಬೀಜ ಎರೆಗಾದರೂ ಆದೀತು ಎನ್ನಬೇಡಿ. ಅದರಲ್ಲಿ ಇರಬಹುದಾದ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ.

ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿ. 8 ಅಥವಾ 10ನೇ ನಂಬರಿನ ಗಾಳಕ್ಕೆ 10 ಮಿಲಿಮೀಟರ್ ಉಂಡೆ ಸಿಕ್ಕಿಸಿ, ಗಾಜಿನ ಲೋಟದ ನೀರಲ್ಲಿ ಇಳಿಬಿಡಿ. ಇಪ್ಪತ್ತು ನಿಮಿಷ ನಿಂತರೆ, ಹೊರಮೈಯಿಂದ ಮಾತ್ರ ಮೆಲ್ಲಗೆ ಕರಗುತ್ತಿದ್ದರೆ ಹದ ಸರಿ. ಐದೇ ನಿಮಿಷಕ್ಕೆ ಕಳಚಿದರೆ ಹಿಟ್ಟು ಸೇರಿಸಿ ಮತ್ತೆ ನಾದಿ. ಕಲ್ಲಿನಂತೆ ಉಳಿದರೂ ತೊಂದರೆಯೇ, ಮೊನೆ ಹಿಟ್ಟಿನೊಳಗೇ ಸಿಕ್ಕಿಕೊಂಡು ಮೀನಿನ ತುಟಿಗೆ ನಾಟುವುದಿಲ್ಲ.

ಮಿಕ್ಕ ಹಿಟ್ಟನ್ನು ಕೆರೆಗೆ ಸುರಿದು ಬರಬೇಡಿ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ, ಸಣ್ಣ ಹೊಂಡದಲ್ಲಿ ನಸುಕಿನ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ತೆರೆಯುವಂತಾಗುತ್ತದೆ. ದಡದಲ್ಲೂ ಬಿಡಬೇಡಿ, ಹಸಿ ಹುಳಿಹಿಟ್ಟು ನಾಯಿಯ ಹೊಟ್ಟೆಯಲ್ಲಿ ಉಬ್ಬುತ್ತದೆ, ಬೆಳ್ಳುಳ್ಳಿ ಬೆರೆತಿದ್ದರೆ ಅದೂ ನಾಯಿಗೆ ಆಗದ್ದು. ಚೀಲಕ್ಕೆ ಹಾಕಿ ಮನೆಗೆ ತಂದು ಮಣ್ಣಲ್ಲಿ ಆಳವಾಗಿ ಹೂಳಿ, ಹಿಟ್ಟಿನಲ್ಲಿ ಉಳಿದ ಗಾಳಗಳನ್ನು ಎಣಿಸಿ ತೆಗೆದಿಟ್ಟ ಮೇಲೆ.