ಅಸಿಂಕ್‌ಲೋಕಲ್‌ಸ್ಟೋರೇಜ್: ಕೆಲವು ವರ್ಷ ಬಳಸಿದ ಮೇಲೆ ಅನಿಸಿದ್ದು

ನೋಡ್ ಜೆಎಸ್‌ನಲ್ಲಿ (ಜಾವಾಸ್ಕ್ರಿಪ್ಟ್ ಅನ್ನು ಸರ್ವರ್‌ನಲ್ಲಿ ಓಡಿಸುವ ವ್ಯವಸ್ಥೆ) ಸರ್ವರ್ ಬರೆಯುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಲಾಗಿನ್ ಆದವರು ಯಾರು, ಈ ರಿಕ್ವೆಸ್ಟ್‌ನ ಐಡಿ ಏನು ಎಂದು ಮಿಡಲ್‌ವೇರ್ (ಉತ್ತರ ಕೊಡುವ ಕೋಡ್‌ಗಿಂತ ಮೊದಲು ರಿಕ್ವೆಸ್ಟ್ ಹಾದುಹೋಗುವ ಫಂಕ್ಷನ್) ಕಂಡುಕೊಂಡ ಮೇಲೆ, ಉತ್ತರ ಹೋಗುವ ತನಕ ಆ ಮಾಹಿತಿಯನ್ನು ಎಲ್ಲಿ ಇಡಬೇಕು? ನೋಡ್ 16ರ ಕಾಲದಿಂದ ನಾನು ಇದಕ್ಕೆ ಅಸಿಂಕ್‌ಲೋಕಲ್‌ಸ್ಟೋರೇಜ್ ಬಳಸುತ್ತಿದ್ದೇನೆ; ಪ್ರತಿ ರಿಕ್ವೆಸ್ಟ್‌ನ ಮಾಹಿತಿಯನ್ನು ಬೇರೆಬೇರೆಯಾಗಿ ಇಟ್ಟುಕೊಡುವ, ನೋಡ್‌ನಲ್ಲೇ ಇರುವ ಸೌಲಭ್ಯ ಇದು. ಈಗ ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ಮೊದಲು ಬರೆಯುವ ಮಿಡಲ್‌ವೇರ್ ಅದರದ್ದೇ.

ಸಣ್ಣ ಸೈಟ್‌ಗೆ ಇದು ಬೇಕಿಲ್ಲ. ನೋಡ್‌ನ ವೆಬ್ ಫ್ರೇಮ್‌ವರ್ಕ್ ಆದ ಎಕ್ಸ್‌ಪ್ರೆಸ್‌ನ ರೆಸ್ ಡಾಟ್ ಲೋಕಲ್ಸ್‌ನಲ್ಲಿ ಇಟ್ಟರೆ ಟೆಂಪ್ಲೇಟ್‌ವರೆಗೂ ತಲುಪುತ್ತದೆ, ಅಷ್ಟು ಸಾಕು. ತೊಂದರೆ ಶುರುವಾಗುವುದು ಕೋಡ್ ಆಳಕ್ಕೆ ಇಳಿದಾಗ. ಐದು ಫಂಕ್ಷನ್ ಕೆಳಗಿರುವ ಡೇಟಾಬೇಸ್ ಕೋಡ್ ಒಂದು ಲಾಗ್ ಸಾಲು ಬರೆಯಬೇಕು, ಅದಕ್ಕೆ ರಿಕ್ವೆಸ್ಟ್ ಐಡಿ ಬೇಕು. ನಡುವಿನ ಫಂಕ್ಷನ್‌ಗಳಿಗೆ ಅದರಿಂದ ಕೆಲಸವಿಲ್ಲದಿದ್ದರೂ ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋಗಬೇಕು.

ಆಗ ಕೆಲವರು ಫೈಲ್‌ನ ಮೇಲ್ಭಾಗದಲ್ಲಿ ಒಂದು ವೇರಿಯಬಲ್ ಇಟ್ಟು ಅದರಲ್ಲೇ ಬರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಗ್ರಾಹಕನ ರಿಕ್ವೆಸ್ಟ್ ಬಂತು, ಅವನ ಐಡಿ ಅಲ್ಲಿ ಕೂತಿತು, ಕೋಡ್ ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಾ ಅವೇಟ್‌ನಲ್ಲಿ ನಿಂತಿತು. ನೋಡ್ ಆ ಹೊತ್ತಿಗೆ ಎರಡನೆಯ ಗ್ರಾಹಕನ ರಿಕ್ವೆಸ್ಟ್ ಎತ್ತಿಕೊಳ್ಳುತ್ತದೆ, ಅದೇ ವೇರಿಯಬಲ್‌ನಲ್ಲಿ ಅವನ ಐಡಿ ಬರೆಯುತ್ತದೆ. ಡೇಟಾಬೇಸ್ ಉತ್ತರ ಕೊಟ್ಟು ಮೊದಲನೆಯವನ ಕೋಡ್ ಮುಂದುವರಿದಾಗ ಅದರ ಕೈಗೆ ಸಿಗುವುದು ಎರಡನೆಯವನ ಐಡಿ. ಒಬ್ಬರ ಆರ್ಡರ್ ಇನ್ನೊಬ್ಬರ ಪರದೆಯ ಮೇಲೆ! ಲ್ಯಾಪ್‌ಟಾಪ್‌ನಲ್ಲಿ ಒಬ್ಬರೇ ಕೂತು ಪರೀಕ್ಷಿಸಿದರೆ ಇದು ಕಾಣಿಸುವುದೇ ಇಲ್ಲ. ಜಾವಾದವರು ಥ್ರೆಡ್‌ಲೋಕಲ್ (ಪ್ರತಿ ಥ್ರೆಡ್‌ಗೂ ಬೇರೆ ಮೌಲ್ಯ ಇಡುವ ವೇರಿಯಬಲ್) ಬಳಸುತ್ತಾರೆ, ಆದರೆ ನೋಡ್‌ನಲ್ಲಿ ಎಲ್ಲ ರಿಕ್ವೆಸ್ಟ್‌ಗಳೂ ಒಂದೇ ಥ್ರೆಡ್‌ನಲ್ಲಿ ಓಡುವುದರಿಂದ ಆ ದಾರಿ ಇಲ್ಲಿಲ್ಲ.

ಅಸಿಂಕ್‌ಲೋಕಲ್‌ಸ್ಟೋರೇಜ್ 2020ರಲ್ಲಿ ನೋಡ್ 13.10ರೊಂದಿಗೆ ಬಂತು, 12.17ಕ್ಕೂ ಸೇರಿತು, 16.4ರಲ್ಲಿ ಸ್ಥಿರ ಎನಿಸಿಕೊಂಡಿತು. ಮಿಡಲ್‌ವೇರ್‌ನಲ್ಲಿ ರನ್ ಎಂದು ಕರೆದು ಒಂದು ಆಬ್ಜೆಕ್ಟ್ ಕೊಟ್ಟು, ಅದರೊಳಗೆ ಮುಂದಿನ ಹಂತಕ್ಕೆ ದಾಟಿಸುವ ನೆಕ್ಸ್ಟ್ ಕರೆದರೆ ಆಯಿತು. ಅಲ್ಲಿಂದ ಹುಟ್ಟುವ ಪ್ರತಿ ಪ್ರಾಮಿಸ್ (ಮುಂದೆ ಬರಲಿರುವ ಫಲಿತಾಂಶವನ್ನು ಹಿಡಿದಿಡುವ ಆಬ್ಜೆಕ್ಟ್), ಪ್ರತಿ ಟೈಮರ್ ಒಳಗೂ ಗೆಟ್‌ಸ್ಟೋರ್ ಕರೆದರೆ ಆ ರಿಕ್ವೆಸ್ಟ್‌ನದ್ದೇ ಆಬ್ಜೆಕ್ಟ್ ಸಿಗುತ್ತದೆ. ನಾನು ಲಾಗರ್‌ಗೆ ಇದನ್ನು ಜೋಡಿಸಿದ್ದೇನೆ. ಗ್ರಾಹಕರು ದೂರು ಕೊಟ್ಟಾಗ ಒಂದು ಐಡಿ ಹಾಕಿ ಹುಡುಕಿದರೆ ಆ ರಿಕ್ವೆಸ್ಟ್‌ನ ಕಥೆಯೆಲ್ಲ ಸಾಲಾಗಿ ಬರುತ್ತದೆ. ಈ ಒಂದು ಅನುಕೂಲಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ.

ಕಿರಿಕಿರಿ ಇಲ್ಲವೆಂದಲ್ಲ. ಕಾಂಟೆಕ್ಸ್ಟ್, ಅಂದರೆ ರನ್‌ಗೆ ಕೊಟ್ಟ ಆಬ್ಜೆಕ್ಟ್‌ನ ನಂಟು, ಕಳೆದುಹೋಗುವುದು ದೊಡ್ಡ ತಲೆನೋವು. ಗೆಟ್‌ಸ್ಟೋರ್ ಎರರ್ ಕೊಡುವುದಿಲ್ಲ, ಸದ್ದಿಲ್ಲದೆ ಅನ್‌ಡಿಫೈನ್ಡ್ ಎನ್ನುತ್ತದೆ. ಹಳೆಯ ಎಕ್ಸ್‌ಪ್ರೆಸ್‌ನಲ್ಲಿ ಬಾಡಿ ಪಾರ್ಸರ್‌ಗಿಂತ (ರಿಕ್ವೆಸ್ಟ್ ಜೊತೆ ಬಂದ ಡೇಟಾ, ಅಂದರೆ ಬಾಡಿ, ಓದುವ ಮಿಡಲ್‌ವೇರ್) ಮುಂಚೆ ರನ್ ಕರೆದರೆ, ಬಾಡಿ ಓದುವ ಹೊತ್ತಿಗೆ ಕಾಂಟೆಕ್ಸ್ಟ್ ತಪ್ಪಿಹೋಗುವ ಸಾಧ್ಯತೆ ಇತ್ತು. ಹಾಗಾಗಿ ಗೆಟ್ ರಿಕ್ವೆಸ್ಟ್‌ನಲ್ಲಿ ಎಲ್ಲ ಸರಿಯಾಗಿದ್ದು, ಬಾಡಿ ಹೊತ್ತು ಬರುವ ಪೋಸ್ಟ್‌ನಲ್ಲಿ ಮಾತ್ರ ಗೆಟ್‌ಸ್ಟೋರ್ ಖಾಲಿ ಬಂದರೆ ಮೊದಲು ಎಕ್ಸ್‌ಪ್ರೆಸ್ ಆವೃತ್ತಿ ನೋಡಿ, 2022ರ 4.18ರಲ್ಲಿ ಅದನ್ನು ಸರಿಪಡಿಸಿದರು. ಕೆಲಸ ಮುಗಿದಾಗ ಕೊಟ್ಟ ಫಂಕ್ಷನ್ ಕರೆಯುವ ಕಾಲ್‌ಬ್ಯಾಕ್ ಶೈಲಿಯ ಹಳೆಯ ಲೈಬ್ರರಿಗಳಲ್ಲೂ, ಸಂಪರ್ಕಗಳನ್ನು ಹಂಚಿಕೊಳ್ಳುವ ಕನೆಕ್ಷನ್ ಪೂಲ್ ಇದ್ದಾಗ ವಿಶೇಷವಾಗಿ, ಇದೇ ಗೋಳು. ಪ್ರಾಮಿಸಿಫೈ ಮಾಡಿದರೆ (ಕಾಲ್‌ಬ್ಯಾಕ್ ಬದಲು ಪ್ರಾಮಿಸ್ ಕೊಡುವಂತೆ ಬದಲಿಸಿದರೆ) ಬಹುಪಾಲು ಸರಿಹೋಗುತ್ತದೆ, ಉಳಿದದ್ದಕ್ಕೆ ಕಾಂಟೆಕ್ಸ್ಟ್ ಅನ್ನು ಕೈಯಾರೆ ಜೋಡಿಸುವ ಅಸಿಂಕ್‌ರಿಸೋರ್ಸ್ ಇದೆ. ರನ್ ಒಳಗೆ ಸುತ್ತದೆಯೇ ಕಾಂಟೆಕ್ಸ್ಟ್ ಹಾಕುವ ಎಂಟರ್‌ವಿತ್ ಎಂಬ ಸುಲಭದ ದಾರಿಯೂ ಇದೆ, ಆದರೆ ಅದು ಎಲ್ಲಿಯವರೆಗೆ ಹರಡುತ್ತದೆ ಎಂದು ಕೋಡ್ ನೋಡಿ ಹೇಳುವುದು ಕಷ್ಟ. ನಾನು ಅದನ್ನು ಮುಟ್ಟುವುದಿಲ್ಲ.

ಒಳಗೆ ಏನಿಡುತ್ತೀರಿ ಎಂಬುದರ ಮೇಲೆ ಹಿಡಿತ ಬೇಕು. ರಿಕ್ವೆಸ್ಟ್ ಐಡಿ, ಬಳಕೆದಾರರ ಐಡಿ, ಲಾಗರ್ ಸರಿ. ಕಾರ್ಟ್, ಬೆಲೆ, ರಿಯಾಯಿತಿ ಇಂಥವನ್ನು ಫಂಕ್ಷನ್‌ಗೆ ನೇರವಾಗಿ ಕೊಡಿ. ಇಲ್ಲದಿದ್ದರೆ ಆ ಫಂಕ್ಷನ್‌ಗೆ ಏನು ಬೇಕು ಎಂಬುದು ಹೊರಗಿನಿಂದ ಕಾಣುವುದಿಲ್ಲ, ಟೆಸ್ಟ್ ಬರೆಯುವವರು ಪ್ರತಿ ಸಲ ರನ್ ಒಳಗೆ ಸುತ್ತಬೇಕಾಗುತ್ತದೆ.

ವೇಗದ ಚಿಂತೆ ಮೊದಲಿನಷ್ಟಿಲ್ಲ. ಹಿಂದೆ ಇದು ಪ್ರತಿ ಅಸಿಂಕ್ ಕೆಲಸದ ಮೇಲೂ ಕಣ್ಣಿಡುವ ಅಸಿಂಕ್ ಹುಕ್ಸ್ ಮೇಲೆ ನಿಂತಿತ್ತು, ಪ್ರತಿ ಪ್ರಾಮಿಸ್‌ಗೂ ಸ್ವಲ್ಪ ಸುಂಕ ಕಟ್ಟಬೇಕಿತ್ತು. 2025ರ ನೋಡ್ 24ರಲ್ಲಿ ಅದರ ಬದಲು ಅಸಿಂಕ್‌ಕಾಂಟೆಕ್ಸ್ಟ್‌ಫ್ರೇಮ್ ಎಂಬ ಹೊಸ ಒಳವ್ಯವಸ್ಥೆ ಡೀಫಾಲ್ಟ್ ಆಗಿದೆ, ಆ ಭಾರ ಇಳಿದಿದೆ. ಹಳೆಯ ಆವೃತ್ತಿಯಲ್ಲಿ ನಿಧಾನವೆಂದು ಕೈಬಿಟ್ಟವರು 24ರಲ್ಲಿ ಮತ್ತೊಮ್ಮೆ ಅಳೆದು ನೋಡಿ.