ಸನ್‌ಮೈಕಾ ಕಪಾಟಿಗೆ ಪೇಂಟ್ ಹೊಡೆಯುವ ಮುಂಚೆ ಇದನ್ನೊಮ್ಮೆ ಓದಿ

ಅಡುಗೆಮನೆ ಕಪಾಟಿಗೆ ನಾವೇ ಬಣ್ಣ ಹೊಡೆದುಕೊಳ್ಳೋಣ ಅಂತಿದ್ದೀರಾ? ಮೊದಲು ಒಲೆ ಮೇಲಿನ ಬಾಗಿಲಿಗೆ ಬೆರಳು ಎಳೆದು ನೋಡಿ. ಅಂಟಂಟು ಇದ್ದರೆ ಪೇಂಟ್ ಡಬ್ಬ ತೆರೆಯಲೇಬೇಡಿ.

ನಮ್ಮದು ಶಿವಮೊಗ್ಗದಲ್ಲಿ ಹಳೇ ಮನೆ. ಪ್ಲೈವುಡ್ ಕಪಾಟು, ಮೇಲೆ ಕಂದು ಸನ್‌ಮೈಕಾ. ವರಮಹಾಲಕ್ಷ್ಮಿ ಹಬ್ಬದೊಳಗೆ ಎಲ್ಲಾ ಬೆಳ್ಳಗೆ ಮಾಡಿಬಿಡುವ ಹುಮ್ಮಸ್ಸು ನನಗೆ. ಅಂಗಡಿಯವರು "ಎನಾಮಲ್ ತಗೊಳ್ಳಿ ಮೇಡಂ, ಯಾವುದಕ್ಕಾದ್ರೂ ಹಿಡಿಯುತ್ತೆ" ಅಂದರು. ನಂಬಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲು ಬಿಚ್ಚದೆ, ಎರಡೇ ದಿನದಲ್ಲಿ 14 ಬಾಗಿಲಿಗೂ ಎರಡೆರಡು ಕೋಟ್ ಮುಗಿಸಿದೆ. ಅತ್ತೆ "ಸ್ವಲ್ಪ ಉಜ್ಜಿಕೊಳ್ಳಬೇಕಿತ್ತೇನಮ್ಮಾ" ಅಂದರು. ಕೇಳಿಸದವಳ ಹಾಗೆ ಇದ್ದೆ.

ಆಷಾಢದ ಮಳೆ ಬೇರೆ. ಎನಾಮಲ್ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಆದರೆ ಒಳಗೆ ಗಟ್ಟಿಯಾಗಲು ಎಷ್ಟೋ ದಿನ ಬೇಕು. ಮುಚ್ಚಿದ ಬಾಗಿಲು ಚೌಕಟ್ಟಿಗೆ ಅಂಟಿಕೊಂಡು, ತೆಗೆದಾಗಲೆಲ್ಲ ಚರ್ ಅಂತ ಕಿತ್ತು ಬರುತ್ತಿತ್ತು.

ಎರಡನೇ ವಾರ ಒಲೆ ಪಕ್ಕದ ಬಾಗಿಲಿಗೆ ಬಳೆ ತಾಗಿ ಒಂದು ಚೂರು ಎದ್ದಿತು. ಸುಮ್ನೆ ಉಗುರಿನಲ್ಲಿ ಎಳೆದೆ. ಕಾವಲಿಯಿಂದ ನೀರುದೋಸೆ ಏಳುವ ಹಾಗೆ ಅಂಗೈ ಅಗಲದ ಬಣ್ಣ ಇಡಿಯಾಗಿ ಕೈಗೆ ಬಂತು! ಅದರ ಹಿಂಬದಿ ಮುಟ್ಟಿದರೆ ಜಿಡ್ಡು. 12 ವರ್ಷದ ಒಗ್ಗರಣೆಯ ಎಣ್ಣೆ ಹೊಗೆ ಅಲ್ಲೇ ಕೂತಿತ್ತು. ನಾನು ಬಣ್ಣ ಹೊಡೆದದ್ದು ಕಪಾಟಿಗಲ್ಲ, ಆ ಜಿಡ್ಡಿಗೆ.

ಆಮೇಲೆ ಕರೆಸಿದ ಪೇಂಟರ್ ನೋಡಿ ನಕ್ಕರು. "ಸನ್‌ಮೈಕಾ ಗಾಜಿನ ಥರ ಅಕ್ಕಾ, ಹಿಡಿಯೋಕೆ ಏನಿದೆ?" ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಜಿಡ್ಡು ತೆಗೆದು, ಚೆನ್ನಾಗಿ ಒಣಗಿಸಿ, 180 ನಂಬರಿನ ಎಮರಿ ಪೇಪರಿನಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕಂತೆ. ಮೇಲೆ ನುಣುಪು ಮೈಗೆ ಹಿಡಿಯುವ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಕೋಟ್. ಮರದ ಪ್ರೈಮರ್ ಸಾಲದು.

ಇನ್ನೊಂದು ಪೆದ್ದು ಕೆಲಸ ಮಾಡಿದ್ದೆ. ಟರ್ಪಂಟೈನ್ ಬಟ್ಟಲು ಕಟ್ಟೆ ಮೇಲಿಟ್ಟುಕೊಂಡೇ ಟೀಗೆ ಗ್ಯಾಸ್ ಹಚ್ಚಿದ್ದೆ. ಅದರ ಆವಿಗೆ ಬೆಂಕಿ ಹತ್ತಬಹುದು. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

ನಿಮ್ಮದು ಮೊದಲೇ ಬಣ್ಣ ಹೊಡೆದ ಹಳೇ ಮರದ ಕಪಾಟಾದರೆ ಒಣ ಉಜ್ಜುವಿಕೆ ಬೇಡ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು. ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ಆ ಕಡೆ ಬಿಡಬೇಡಿ.

ಏನೇ ಆಗಲಿ, ಮೊದಲು ಒಂದೇ ಬಾಗಿಲಿನ ಒಳಮೈಗೆ ಹೊಡೆದು ಒಂದು ವಾರ ಬಿಡಿ. ಬ್ಲೇಡಿನಲ್ಲಿ ಗೀರಿ, ಸೆಲೋಟೇಪ್ ಅಂಟಿಸಿ ಸರ್ರನೆ ಕೀಳಿ. ಬಣ್ಣ ಟೇಪಿಗೆ ಬಂದರೆ ಉಳಿದದ್ದನ್ನು ಮುಟ್ಟಬೇಡಿ.

ನಮ್ಮ 14 ಬಾಗಿಲೂ ಈಗ ಹಾಲ್‌ನಲ್ಲಿ ಗೋಡೆಗೆ ಒರಗಿವೆ. ಹಬ್ಬದ ದಿನ ಕಪಾಟಿಗೆ ಅತ್ತೆಯ ಹಳೇ ಕಾಟನ್ ಸೀರೆ ಪರದೆ ಕಟ್ಟಿದ್ದೆವು. ಇನ್ನೂ ತೆಗೆದಿಲ್ಲ.