ಎಚ್‌ಟಿ-2 ಕಟ್ಟಲು ಯಾವ ಸಾಫ್ಟ್‌ವೇರ್? ಏಲರಾನ್ ತೀರ್ಮಾನ ಮಾಡಿತು

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಫ್ಲೈಟ್‌ಗಿಯರ್ ಸಿಮ್ಯುಲೇಟರ್‌ನಲ್ಲಿ ಎಚ್‌ಎಎಲ್‌ನ ಎಚ್‌ಟಿ-2 ಹಾರಿಸಬೇಕು ಅನ್ನೋದು ನನ್ನ ಹಳೇ ಆಸೆ. ಬೆಂಗಳೂರಲ್ಲೇ ಹುಟ್ಟಿ, 1951ರಲ್ಲಿ ಮೊದಲ ಸಲ ಹಾರಿದ ತರಬೇತಿ ವಿಮಾನ ಅದು. ಹಿಂದೆ ಮುಂದೆ ಎರಡು ಸೀಟು, ಮಡಚದ ಚಕ್ರ, ಒಂದೇ ಪ್ರೊಪೆಲ್ಲರ್. ಹೊಸಬರಿಗೆ ಸುಲಭ, ಅಲ್ವಾ? ಅದರ 3ಡಿ ಮಾದರಿ ನಾನೇ ಕಟ್ಟೋಣ ಅಂತ ಮೈ, ರೆಕ್ಕೆ, ಏಲರಾನ್ (ವಿಮಾನ ವಾಲಿಸೋಕೆ ರೆಕ್ಕೆಯ ಹಿಂಬದಿ ಅಂಚಿನಲ್ಲಿ ತಿರುಗುವ ಪಟ್ಟಿ) ಇಷ್ಟನ್ನೇ ಮೂರು ಸಾಫ್ಟ್‌ವೇರ್‌ಗಳಲ್ಲಿ ಮಾಡಿ ನೋಡಿದೆ.

ಸ್ಕೆಚ್‌ಅಪ್ ಅರ್ಧ ದಿನಕ್ಕೇ ಬಿಟ್ಟೆ. ಮನೆ, ಬೀರು ಬಿಡಿಸೋಕೆ ಅದು ಬಹಳ ಚೆನ್ನ. ಬಾಲದ ಕಡೆ ಸಪೂರ ಆಗುತ್ತಾ ಹೋಗುವ ದುಂಡು ಮೈ ಅದರ ಕೆಲಸವಲ್ಲ.

ಎಸಿ3ಡಿ ಪುಟ್ಟದು, ಚುರುಕು. ದುಡ್ಡು ಕೊಡಬೇಕು, ಆದರೆ ಟ್ರಯಲ್ ಇದೆ. ಇದರ ಎಸಿ ಫೈಲನ್ನು ಫ್ಲೈಟ್‌ಗಿಯರ್ ನೇರವಾಗಿ ಓದುತ್ತದೆ. ಸೇವ್ ಮಾಡಿದರೆ ಮುಗಿಯಿತು. ಮೈ ಒಂದೇ ಸಂಜೆಯಲ್ಲಿ ಎದ್ದು ನಿಂತಿತು.

ತೊಂದರೆ ಬಂದದ್ದು ಏಲರಾನ್‌ನಲ್ಲಿ. ಅದು ಯಾವ ಗೆರೆಯ ಮೇಲೆ ತಿರುಗಬೇಕು ಅಂತ ಫ್ಲೈಟ್‌ಗಿಯರ್‌ಗೆ ಚಲನೆ ಹೇಳಿಕೊಡುವ ಎಕ್ಸ್‌ಎಂಎಲ್ ಫೈಲಿನಲ್ಲಿ ಎರಡು ಬಿಂದು, ಅಂದರೆ ಒಂದಕ್ಕೆ ಎಕ್ಸ್, ವೈ, ಜೆಡ್ ಅಂತ ಮೂರರಂತೆ ಆರು ಅಂಕಿ ಬರೆಯಬೇಕು. ಎಸಿ3ಡಿಯಲ್ಲಿ ಮೇಲ್ಮುಖ ದಿಕ್ಕು ವೈ. ಫ್ಲೈಟ್‌ಗಿಯರ್‌ನಲ್ಲಿ ಮೇಲ್ಮುಖ ಜೆಡ್. ಎಸಿ3ಡಿಯ ವೈ ಇಲ್ಲಿ ಜೆಡ್ ಆಗುತ್ತದೆ, ಅಲ್ಲಿನ ಜೆಡ್ ಚಿಹ್ನೆ ಬದಲಿಸಿಕೊಂಡು ವೈ ಆಗುತ್ತದೆ. ನಾನು ಸುಮ್ನೆ ಹಾಗೇ ನಕಲು ಮಾಡಿದೆ. ಸ್ಟಿಕ್ ಅಲುಗಿಸಿದ್ದೇ ತಡ, ಏಲರಾನ್ ರೆಕ್ಕೆ ಬಿಟ್ಟು ಗಾಳಿಯಲ್ಲಿ ಗಿರಗಿಟ್ಲೆ ಆಡಿತು! ಎರಡು ರಾತ್ರಿ ಹೋಯಿತು.

ಬ್ಲೆಂಡರ್ ಪುಕ್ಕಟೆ, ಆದರೆ ಮೊದಲ ವಾರ ಅಳು ಬರಿಸುತ್ತದೆ. ಯಾವ ಮೋಡ್‌ನಲ್ಲಿದ್ದೇನೆ ಅನ್ನೋದೇ ಮರೆತುಹೋಗುತ್ತಿತ್ತು. ಕೈ ಕುದುರಿದ ಮೇಲೆ ಮಾತ್ರ ಬಿಡೋಕಾಗಲ್ಲ. ಎಡ ರೆಕ್ಕೆ ಮಾಡಿದರೆ ಮಿರರ್ ಮಾಡಿಫೈಯರ್ ಬಲದ್ದನ್ನು ಕೊಡುತ್ತದೆ. ಬಣ್ಣ ಹಚ್ಚೋಕೆ ವಿಮಾನದ ಮೈಗೆ ಹೊಲಿಗೆ ಗುರುತು ಹಾಕಿ, ದರ್ಜಿ ಹೊಲಿಗೆ ಬಿಚ್ಚಿ ಬಟ್ಟೆ ಹರವಿದ ಹಾಗೆ ಹರವಬಹುದು. ಎಲ್ಲಕ್ಕಿಂತ ಮುಖ್ಯ, ಇಲ್ಲೂ ಜೆಡ್ ಮೇಲ್ಮುಖ. ಬಿಂದು ಆರಿಸಿ ಎನ್ ಕೀ ಒತ್ತಿ ಗ್ಲೋಬಲ್ (ಇಡೀ ದೃಶ್ಯದ ಮೂಲಬಿಂದುವಿನಿಂದ ಅಳತೆ) ಅಂತ ಇಟ್ಟರೆ, ಕಾಣುವ ಅಂಕಿಗಳನ್ನು ಎಕ್ಸ್‌ಎಂಎಲ್‌ಗೆ ಹಾಗೇ ಇಳಿಸಬಹುದು. ಲೋಕಲ್ (ಆ ಭಾಗದ್ದೇ ಮೂಲಬಿಂದುವಿನಿಂದ ಅಳತೆ) ಇಟ್ಟರೆ ಮತ್ತೆ ಗಿರಗಿಟ್ಲೆ. ಒಂದು ಎಚ್ಚರಿಕೆ: ಮಾದರಿಯನ್ನು ಎಸಿ ಫೈಲಾಗಿ ಸೇವ್ ಮಾಡೋಕೆ ಬೇರೆ ಆಡ್‌ಆನ್ (ಬ್ಲೆಂಡರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಬೇಕು, ಅದು ಬ್ಲೆಂಡರ್ ಆವೃತ್ತಿಗೆ ಹೊಂದಬೇಕು. ನೋಡದೆ ಅಪ್‌ಡೇಟ್ ಮಾಡಿ ಕೆಟ್ಟೆ. ಈಗ ಕಂಪ್ಯೂಟರ್‌ನಲ್ಲಿ ಎರಡೆರಡು ಬ್ಲೆಂಡರ್.

ಎಕ್ಸ್‌-ಪ್ಲೇನ್ ಅನ್ನೋ ಇನ್ನೊಂದು ಸಿಮ್ಯುಲೇಟರ್‌ಗೆ ಮಾಡುವವರಿಗೂ ಬ್ಲೆಂಡರೇ ಸರಿ. ಅದರ ಆಡ್‌ಆನ್‌ನಲ್ಲಿ ಚಲನೆಯನ್ನು ಬ್ಲೆಂಡರ್ ಒಳಗೇ ಜೋಡಿಸಬಹುದು, ಈ ಆರು ಅಂಕಿಯ ಪಾಡಿಲ್ಲ. ಮೈಕ್ರೋಸಾಫ್ಟ್‌ನ ಸಿಮ್ಯುಲೇಟರ್‌ಗೆ 3ಡಿಎಸ್ ಮ್ಯಾಕ್ಸ್ ಅನ್ನೋ 3ಡಿ ಸಾಫ್ಟ್‌ವೇರ್ ಬಳಸುವವರೂ ಇದ್ದಾರೆ. ಅದು ಮೊದಲೇ ಬರುತ್ತಿದ್ದರೆ ಸರಿ, ಇದಕ್ಕೋಸ್ಕರ ಚಂದಾ ಕಟ್ಟಬೇಡಿ.

ನನ್ನ ಎಚ್‌ಟಿ-2 ಈಗ ಬ್ಲೆಂಡರ್‌ನಲ್ಲೇ ಇದೆ. ಭಾಗದ ಹೆಸರು ತಪ್ಪಿದ್ದರೆ ಮಾತ್ರ ಎಸಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ತಿದ್ದುತ್ತೇನೆ. ಒಳಗಿರೋದು ಬರೀ ಅಕ್ಷರ, ಅಂಕಿ ತಾನೇ.